ತಂತಿಯ ಮೇಲೆ ಹನ್ನೊಂದು ಬಟ್ಟೆ

ಅಕ್ಕ ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿ ಒಬ್ಬ ಗಿರಾಕಿಗೆ, ಅವರು ಆರಿಸಿಕೊಂಡ ಫ್ರೇಮು ಅವರ ಮುಖಕ್ಕೆ ಒಪ್ಪುವುದಿಲ್ಲ ಎಂದು ಮನವರಿಕೆ ಮಾಡಿಕೊಡುತ್ತಿದ್ದೆ. ಮೂರು ವರ್ಷದಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಅವಳು ಮಾತ್ರ ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವಳ ಹಾಗೆ, "ಒಂದ್ಸಲ ಬಂದು ಹೋಗೋ. ಇಲ್ಲಿ ಕಾಂಡ್ಲಾ ಕಾಡು ಚೆನ್ನಾಗಿದೆ, ನೋಡ್ಕೊಂಡು ಹೋಗುವೆಯಂತೆ. ಬರೋವಾಗ ನಿನ್ನ ಪೆಟ್ಟಿಗೆ ತಾ. ಭಾವನ ಹತ್ರ ಮಾತ್ರ ಬಾಯಿ ಬಿಡ್ಬೇಡ" ಎಂದು ಫೋನ್ ಇಟ್ಟಳು.

ಪೆಟ್ಟಿಗೆಯೆಂದರೆ ಕಣ್ಣು ಪರೀಕ್ಷೆ ಮಾಡುವ ಗಾಜುಗಳ ಪೆಟ್ಟಿಗೆ. ಇಪ್ಪತ್ತಾರು ವರ್ಷದಿಂದ ನಾನು ಕನ್ನಡಕದ ಅಂಗಡಿ ಇಟ್ಟವನು. ಎದುರಿಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ನಂಬರು ಹೇಳಬಲ್ಲೆ ಎಂದು ನಮ್ಮ ಬೀದಿಯಲ್ಲಿ ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನು ನಾನೇ ಆದರೂ ಅದು ಸುಳ್ಳಲ್ಲ.

ಇನ್ನು ಮಾತು ಬಿಟ್ಟ ವಿಷಯ. ಬಿಟ್ಟವನು ನಾನೇ. ನನ್ನ ಒಬ್ಬಳೇ ಮಗಳ ಮದುವೆಗೆ ನಾಲ್ಕು ಸಲ ಫೋನ್ ಮಾಡಿ ಕರೆದರೂ ಒಡಹುಟ್ಟಿದ ಅಕ್ಕ ಬರಲಿಲ್ಲ. "ಮನೆ ಬಿಟ್ಟು ಬರೋಕಾಗಲ್ಲ ಕಣೋ" ಎಂದಳು. ಮನೆಯಲ್ಲಿ ಇದ್ದದ್ದು ಅವಳು, ಭಾವ, ಒಂದು ಮುದಿ ಬೆಕ್ಕು. ಆ ಬೆಕ್ಕಿಗಿಂತ ನನ್ನ ಮಗಳು ಕಡೆಯಾದಳೇ ಎಂದು ನನಗೆ ಪಿತ್ತ ನೆತ್ತಿಗೇರಿತ್ತು, ಮೂರು ವರ್ಷವಾದರೂ ಇಳಿದಿರಲಿಲ್ಲ. ಈಗ ಹೊರಟಿದ್ದೂ ನನ್ನ ಹೆಂಡತಿ ಚೀಲ ತುಂಬಿ ಬಾಗಿಲ ಹೊರಗೆ ಇಟ್ಟಳೆಂದೇ. ಜೊತೆಗೆ ಒಂದು ಉಪದೇಶವನ್ನೂ ಕಟ್ಟಿಕೊಟ್ಟಿದ್ದಳು. ಅಕ್ಕನ ಮನೆಯಲ್ಲಿ ಮಹಾರಾಜನ ಹಾಗೆ ಕೂರಬೇಡಿ, ನಿಮ್ಮ ಬಟ್ಟೆ ನೀವೇ ಒಗೆದುಕೊಳ್ಳಿ.

ಬಸ್ಸಿನಲ್ಲಿ ಆರು ಗಂಟೆ, ಆಮೇಲೆ ಲಾಂಚಿನಲ್ಲಿ ಒಂದು ಗಂಟೆ. ನದಿಯ ಎರಡೂ ದಡದಲ್ಲಿ ಕಾಂಡ್ಲಾ ಗಿಡಗಳು ಉಪ್ಪುನೀರಿನಲ್ಲಿ ಮೊಣಕಾಲುದ್ದ ಬೇರೂರಿ ನಿಂತಿದ್ದವು. ಕೆಸರಿನಿಂದ ಬೆರಳುಗಾತ್ರದ ಬೇರುಗಳು ಸಾವಿರಗಟ್ಟಲೆ ಮೇಲಕ್ಕೆದ್ದಿದ್ದವು, ಅವುಗಳ ನಡುವೆ ಏಡಿಗಳು ಏನೋ ಕಳೆದುಕೊಂಡವರಂತೆ ಓಡಾಡುತ್ತಿದ್ದವು. ಕಾಡು ಮುಗಿಯುತ್ತಿದ್ದಂತೆ ಬಂದರು. ನದಿಗೆ ಅಂಟಿಕೊಂಡ ಒಂದೇ ಬೀದಿ, ಅದರಲ್ಲಿ ಹಗ್ಗದ ಅಂಗಡಿ, ಎಂಜಿನ್ ರಿಪೇರಿ ಶೆಡ್ಡು, ಮಂಜುಗಡ್ಡೆ ಕಾರ್ಖಾನೆ, ಕ್ಷೌರದಂಗಡಿ, ಬಂದರು ಕಚೇರಿ. ಕಚೇರಿಯ ಗೋಡೆ ಗಡಿಯಾರ ನಿಂತುಹೋಗಿ ಎಷ್ಟು ಕಾಲವಾಗಿತ್ತೋ, ಯಾರಿಗೂ ಅದರ ಚಿಂತೆಯಿರಲಿಲ್ಲ. ಆ ಊರಿನಲ್ಲಿ ಯಾರನ್ನು ಏನು ಕೇಳಿದರೂ ನೀರು ಏರಿದ ಮೇಲೆ, ಇಲ್ಲವೇ ನೀರು ಇಳಿದ ಮೇಲೆ ಎಂಬ ಉತ್ತರ.

ಲಾಂಚು ನಿಲ್ಲುವ ಧಕ್ಕೆಯಲ್ಲಿ ಭಾವ ನನಗಾಗಿ ಕಾದಿದ್ದರು. ಆರಡಿ ಆಳು, ಇಸ್ತ್ರಿ ಮಾಡಿದ ಷರ್ಟು, ಕುತ್ತಿಗೆಯಲ್ಲಿ ತಿರುಪು ತುಕ್ಕು ಹಿಡಿದ ಇಲಾಖೆಯ ದುರ್ಬೀನು. ನಾನು ಲಾಂಚಿನಿಂದ ಇಳಿದು ಕೈಯೆತ್ತಿದೆ. ಅವರು ಎರಡೂ ಕೈ ಚಾಚಿಕೊಂಡು ಬಂದು, ನನ್ನನ್ನು ದಾಟಿ ಹೋಗಿ, ನನ್ನ ಹಿಂದಿದ್ದ ಮಂಜುಗಡ್ಡೆ ಕಾರ್ಖಾನೆಯ ಕಾವಲುಗಾರನನ್ನು ತಬ್ಬಿಕೊಂಡರು. ಎಷ್ಟು ಇಳಿದುಹೋಗಿದ್ದೀಯಯ್ಯ ಎಂದು ಅವನ ಬೆನ್ನು ಸವರಿದರು. ಕಾವಲುಗಾರನಿಗೆ ಇದು ಹೊಸದಲ್ಲವೆಂದು ಕಾಣುತ್ತದೆ, ಅವನು ಅವರನ್ನು ಮೆಲ್ಲಗೆ ನನ್ನ ಕಡೆಗೆ ತಿರುಗಿಸಿ ನಿಲ್ಲಿಸಿ ಹೊರಟುಹೋದ. ಮೈನಸ್ ನಾಲ್ಕು, ಕಡಿಮೆಯಂತೂ ಇಲ್ಲ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಅಕ್ಕ ಪೆಟ್ಟಿಗೆ ತರಲು ಹೇಳಿದ್ದು ಯಾಕೆಂದು ಕೇಳುವ ಅಗತ್ಯವೇ ಉಳಿಯಲಿಲ್ಲ.

ಭಾವನ ಕೆಲಸ ಏನೆಂದು ಇಲ್ಲಿ ಹೇಳಿಬಿಡಬೇಕು. ಬಂದರಿನ ಮುಂದೆ ನದಿ ತಿರುಗುವ ಕಡೆ ನೀರಿನಡಿಯಲ್ಲಿ ದೊಡ್ಡದೊಂದು ಹೂಳಿನ ದಿಬ್ಬವಿದೆ. ಸರಕು ತುಂಬಿದ ಬಾರ್ಜುಗಳು ಅದನ್ನು ದಾಟಿಯೇ ಒಳಗೆ ಬರಬೇಕು. ದಿಬ್ಬದ ಪಕ್ಕ ಕಾಂಡ್ಲಾ ಗಿಡಗಳ ಮುಂದೆ ಅಂಕಿ ಬರೆದ ಮರದ ಕಂಬ ನೆಟ್ಟಿದ್ದಾರೆ. ನೀರು ಯಾವ ಅಂಕಿಯನ್ನು ಮುಟ್ಟಿದೆಯೋ ದಿಬ್ಬದ ಮೇಲೆ ಅಷ್ಟು ಅಡಿ ನೀರಿದೆ ಎಂದರ್ಥ. ಉಬ್ಬರ ಏರುವಾಗ ಅರ್ಧ ಗಂಟೆಗೊಮ್ಮೆ ಭಾವ ಧಕ್ಕೆಯ ತುದಿಯ ಗೂಡಿನಲ್ಲಿ ನಿಂತು, ದುರ್ಬೀನು ಎತ್ತಿ ಕಂಬ ನೋಡಿ, ಬಾರ್ಜಿನವರಿಗೆ ಕಾಣುವಂತೆ ಮನುಷ್ಯನೆತ್ತರದ ಕರಿ ಹಲಗೆಯ ಮೇಲೆ ಆ ಅಂಕಿಯನ್ನು ಬರೆಯಬೇಕು. ಕತ್ತಲಲ್ಲಿ ದಿಬ್ಬ ದಾಟುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಹಗಲಿನ ಉಬ್ಬರವಷ್ಟೇ ಅವರ ಪಾಲಿಗೆ. ಆ ಕೆಲಸಕ್ಕೆ ನದಿಯಂಚಿನಲ್ಲಿ, ಕಂಬಕ್ಕೆ ಸರಿ ಎದುರಾಗಿ, ಎರಡು ಕೋಣೆಯ ಸರ್ಕಾರಿ ಮನೆ. ಅವರಿಗಿದ್ದದ್ದು ಅದೊಂದೇ ಮನೆ.

ಅಕ್ಕ ಬಾಗಿಲಿಗೆ ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದು ನೋಡಿದಳು. ಮದುವೆಗೆ ಬಾರದವಳ ಈ ಅಕ್ಕರೆಗೆ ನಾನು ಕರಗಲಿಲ್ಲ. ಆಮೇಲೆ ಚಹಾ ಕೊಟ್ಟಳು. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಮೂರು ವರ್ಷ ಮಾತು ಬಿಟ್ಟಿದ್ದಕ್ಕೆ ಸೇಡು ಎಂದುಕೊಂಡು, ಸೋಲಬಾರದೆಂದು ಪೂರ್ತಿ ಕುಡಿದೆ.

ಅಕ್ಕನ ಅಡುಗೆಮನೆಯ ಕಿಟಕಿ ನದಿಯ ಕಡೆಗಿತ್ತು. ಅದರ ಕೆಳಗೆ ಒಂದು ಸ್ಟೂಲು, ಕೂತು ಕೂತು ನಡುವೆ ಸವೆದುಹೋಗಿತ್ತು. ಅವಳ ನಡವಳಿಕೆ ಮಾತ್ರ ನನಗೆ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯಲ್ಲಿ ಕತ್ತು ಚಾಚಿ ಕೂರುವಳು. ತಟ್ಟನೆ ಎದ್ದು ಮನೆಯ ಪಕ್ಕದ ಅಂಗಳಕ್ಕೆ ಹೋಗಿ, ಅಲ್ಲಿ ಕಟ್ಟಿದ್ದ ಉದ್ದನೆಯ ತಂತಿಗೆ ಒಂದು ಬಟ್ಟೆ ಹಾಕುವಳು. ಮತ್ತೆ ಕಿಟಕಿ, ಮತ್ತೆ ಒಂದು ಬಟ್ಟೆ. ನಾನು ಹೋಗಿ ಮುಟ್ಟಿ ನೋಡಿದೆ, ಎಲ್ಲವೂ ಗರಿಗರಿಯಾಗಿ ಒಣಗಿದ್ದವು. ಬೆಡ್‌ಶೀಟು, ದಿಂಬಿನ ಕವರು, ಭಾವನ ಹಳೆ ಷರ್ಟುಗಳು, ಬಿಸಿಲಿಗೆ ಬಣ್ಣ ಹೋಗಿ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಒಣಗಿದ ಬಟ್ಟೆಯನ್ನು ದಿನವಿಡೀ ಒಣಹಾಕುವ ಹೆಂಗಸಿನ ತಲೆ ಎಷ್ಟು ಸರಿಯಿದೆ ಎಂದು ಯೋಚಿಸುತ್ತಲೇ ಸ್ನಾನ ಮುಗಿಸಿ, ನನ್ನ ಒದ್ದೆ ಟವೆಲನ್ನು ಅದೇ ತಂತಿಗೆ ಹಾಕಿ ಬಂದೆ.

ಎರಡು ನಿಮಿಷವಾಗಿರಲಿಲ್ಲ, ಧಕ್ಕೆಯಿಂದ ಬಂದ ಭಾವ ಅಕ್ಕನ ಕಿವಿಯಲ್ಲಿ ಏನೋ ಹೇಳಿದರು. ಅಕ್ಕ ದಡದಡ ಹೋಗಿ ಟವೆಲು ಕಿತ್ತುತಂದು, ನೀರು ತೊಟ್ಟಿಕ್ಕುತ್ತಿದ್ದುದನ್ನು ಹಾಗೇ ನನ್ನ ಕೈಗಿಟ್ಟಳು. ಕುರ್ಚಿಯ ಮೇಲೆ ಹಾಕಿಕೋ ಎಂದಳು. ಅರ್ಧ ಫರ್ಲಾಂಗು ಉದ್ದದ ತಂತಿಯಲ್ಲಿ ಒಡಹುಟ್ಟಿದವನ ಒಂದು ಟವೆಲಿಗೆ ಜಾಗವಿಲ್ಲ! ಮದುವೆಯ ಗಾಯದ ಮೇಲೆ ಈ ಟವೆಲು ಉಪ್ಪು ಸವರಿತು.

ಸಂಜೆ ಊಟಕ್ಕೆ ಕೂತಾಗ ಅಸಲು ವಿಷಯ ಹೊರಬಿತ್ತು. ಬಂದರಿಗೆ ಹೊಸ ಅಧಿಕಾರಿ ವರ್ಗವಾಗಿ ಬರುತ್ತಿದ್ದಾರೆ. ಹೆಂಗಸು, ಬಲು ಕಟ್ಟುನಿಟ್ಟು, ಹಿಂದಿನ ಬಂದರಿನಲ್ಲಿ ಮೂವರನ್ನು ಮನೆಗೆ ಕಳಿಸಿದ್ದಾರಂತೆ. ಕಚೇರಿಯ ಲಾಂಚು ರಿಪೇರಿಯಲ್ಲಿರುವುದರಿಂದ ನಾಳೆ ಹೆಂಚು ತರುವ ಬಾರ್ಜಿನಲ್ಲೇ ಬಂದಿಳಿಯುತ್ತಾರೆ. ಇಳಿದ ಕೂಡಲೇ ಭಾವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಂಬ ಓದಿಸುತ್ತಾರೆ. ಅಂಕಿ ತಪ್ಪಿದರೆ ಕೆಲಸ ಹೋಯಿತು, ತಿಂಗಳೊಳಗೆ ಮನೆ ಖಾಲಿ. ಭಾವನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ನನ್ನ ಪೆಟ್ಟಿಗೆಯ ಕಾಲ ಬಂತೆಂದು ನಾನು ಕೈ ತೊಳೆದು, ಅಕ್ಕ ಕಣ್ಸನ್ನೆ ಮಾಡುತ್ತಿದ್ದರೂ ಲೆಕ್ಕಿಸದೆ, ಸುಮ್ಮನೆ ತಮಾಷೆಗೆ ಎಂಬಂತೆ ಒಂದು ಗಾಜು ಹೊರತೆಗೆದೆ. ಭಾವ ತಟ್ಟೆ ಸರಿಸಿ ಎದ್ದರು.

"ನನ್ನ ಕಣ್ಣಿಗೆ ಏನೂ ಆಗಿಲ್ಲ. ಕನ್ನಡಕ ಹಾಕಿದವನನ್ನ ನೀರಿನ ಅಳತೆಗೆ ಇಟ್ಕೊಳ್ಳಲ್ಲ ಕಣಯ್ಯ. ಅದನ್ನ ಒಳಗಿಡು" ಎಂದು ಘನತೆಯಿಂದ ಹೊರಗೆ ಹೋದರು. ಹೋಗುವಾಗ ಹೊಸಿಲಲ್ಲಿ ಮಲಗಿದ್ದ ಬೆಕ್ಕನ್ನು ತುಳಿದರು.

ಅಕ್ಕ ನನ್ನ ಕಡೆ ನೋಡಿ ಏನನ್ನೋ ಹೇಳಲು ಬಾಯಿ ತೆರೆದಳು. ನಾನೇ ಮೊದಲು, ಭಾವನ ಕಣ್ಣಿನ ವಿಷಯ ನನಗೆ ಬಿಡು, ನಿನ್ನ ಟವೆಲಿನ ವಿಷಯ ನೀನು ನೋಡಿಕೋ ಎಂದು ಚುಚ್ಚಿ ಮಲಗಲು ಹೋದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬೆಳಿಗ್ಗೆ ಉಬ್ಬರ ಏರತೊಡಗಿತು. ಭಾವ ಗೂಡಿಗೆ ಹೋದರು, ಅಕ್ಕ ಕಿಟಕಿಗೆ ಹೋದಳು. ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ನಾನು ಹೆಂಡತಿಯ ಮಾತಿನಂತೆ ಬಟ್ಟೆ ಒಗೆಯಲು ಕೂತೆ. ಷರ್ಟು, ಬನಿಯನ್ನು, ಪಟ್ಟೆ ಪೈಜಾಮ. ಹಿಂಡಿಕೊಂಡು ಅಂಗಳಕ್ಕೆ ಹೋದರೆ ತಂತಿಯ ಮುಕ್ಕಾಲು ಭಾಗ ಅಕ್ಕನ ಒಣಬಟ್ಟೆಗಳು. ಕೊನೆಯಲ್ಲಿ ಜಾಗವಿತ್ತು. ಯಾರು ಕೀಳುತ್ತಾರೋ ನೋಡೇಬಿಡೋಣ ಎಂದು ಮೂರನ್ನೂ ಅಗಲವಾಗಿ ಹರವಿ, ಗಾಳಿಗೆ ಹಾರದಂತೆ ಕ್ಲಿಪ್ಪು ಹಾಕಿ, ಗೆದ್ದವನ ಹಾಗೆ ಒಳಗೆ ಬಂದು ಕೂತೆ.

ಹತ್ತು ನಿಮಿಷದಲ್ಲಿ ನದಿಯ ಕಡೆಯಿಂದ ಒಂದು ಸದ್ದು ಬಂತು. ದೊಡ್ಡ ಸದ್ದೇನಲ್ಲ, ನೆನೆದ ಚಾಪೆಯ ಮೇಲೆ ದಪ್ಪ ಮನುಷ್ಯ ಕೂತ ಹಾಗೆ. ಕಿಟಕಿಯಲ್ಲಿದ್ದ ಅಕ್ಕ ಎದೆ ಹಿಡಿದುಕೊಂಡಳು. ಹೆಂಚಿನ ಬಾರ್ಜು ದಿಬ್ಬದ ನಟ್ಟನಡುವೆ, ನಮ್ಮ ಮನೆಗೆ ಕೂಗಳತೆಯಲ್ಲಿ ಕೂತುಬಿಟ್ಟಿತ್ತು. ಎಂಜಿನು ಹೊಗೆ ಕಾರಿತು, ನೀರು ಕೆಸರಾಯಿತು, ಬಾರ್ಜು ಮಾತ್ರ ಕದಲಲಿಲ್ಲ. ಹೆಂಚಿನ ರಾಶಿಯ ಮೇಲೆ ಒಂದು ಕುರ್ಚಿ, ಕುರ್ಚಿಯ ಮೇಲೆ ಹೊಸ ಅಧಿಕಾರಿ, ಅವರ ತೊಡೆಯ ಮೇಲೆ ಫೈಲು.

ಧಕ್ಕೆಯ ಹಲಗೆಯಲ್ಲಿ ಭಾವನ ದುಂಡು ಅಕ್ಷರದಲ್ಲಿ ಹನ್ನೊಂದು ಎಂದಿತ್ತು.

ಅಕ್ಕ ಅಂಗಳಕ್ಕೆ ಓಡಿದಳು, ಹಿಂದೆಯೇ ನಾನು. ಭಾವ ಧಕ್ಕೆಯಿಂದ ಏದುಸಿರು ಬಿಡುತ್ತ ಬಂದರು. ಮೂವರೂ ತಂತಿಯ ಮುಂದೆ ನಿಂತೆವು. ಅಕ್ಕ ಒಂದೊಂದೇ ಬಟ್ಟೆಯನ್ನು ಕೈಯಿಂದ ಮುಟ್ಟಿ ಎಣಿಸುತ್ತ ಹೋದಳು. ಎಂಟು ಮುಗಿದ ಮೇಲೆ ಅವಳ ಕೈಗೆ ಒದ್ದೆ ಷರ್ಟು ಸಿಕ್ಕಿತು, ಆಮೇಲೆ ಬನಿಯನ್ನು, ಆಮೇಲೆ ನನ್ನ ಪೈಜಾಮದ ಕಾಲು. ಅವಳು ಪೈಜಾಮ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ಬರೆಯುವುದಿಲ್ಲ.

ಆಗ ನನ್ನ ತಲೆಗೆ ಹೊಳೆಯಿತು. ಭಾವನಿಗೆ ಕಂಬ ಕಾಣುವುದಿಲ್ಲ. ಕಂಬ ಕಾಣುವುದು ಅಕ್ಕನ ಕಿಟಕಿಗೆ. ಅವಳು ಒಂದು ಅಡಿಗೆ ಒಂದು ಬಟ್ಟೆಯಂತೆ ತಂತಿಗೆ ಹಾಕುತ್ತಾಳೆ, ಭಾವ ಗೂಡಿನಿಂದ ದುರ್ಬೀನನ್ನು ಕಂಬದ ಕಡೆ ಹಿಡಿದು, ಬರಿಗಣ್ಣನ್ನು ಅಂಗಳದ ಕಡೆ ಹೊರಳಿಸಿ, ಬಿಳಿ ಮಸುಕುಗಳನ್ನು ಎಣಿಸಿ ಹಲಗೆಯ ಮೇಲೆ ಬರೆಯುತ್ತಾರೆ. ಒಂಬತ್ತು ವರ್ಷದಿಂದ ಆ ಬಂದರು ನಡೆದಿದ್ದು ಹೀಗೆ. ನಿನ್ನೆ ಒಂದು ಟವೆಲು ಹೆಚ್ಚಾದದ್ದನ್ನು ಹಿಡಿದವರು ಇವತ್ತು ಅಧಿಕಾರಿಯ ಭಯದಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆದುಬಿಟ್ಟಿದ್ದರು.

ಬಾರ್ಜು ನಡೆಸುವವನನ್ನು ಊರಿನಲ್ಲಿ ಗಂಟಲಣ್ಣ ಎನ್ನುತ್ತಿದ್ದರು. ಎಂಜಿನಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವನಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಅಧಿಕಾರಿ ಅವನನ್ನು ಏನೋ ಕೇಳಿರಬೇಕು. ಅವನ ಉತ್ತರ ನದಿಯ ಎರಡೂ ದಡಕ್ಕೆ ಕೇಳಿಸಿತು.

"ಹಲಗೆ ಯಾರು ನೋಡ್ತಾರೆ ಮೇಡಂ? ನಾವೆಲ್ಲ ಅಕ್ಕನ ಮನೆ ತಂತಿ ನೋಡ್ಕೊಂಡೇ ಬರೋದು. ನೀವೇ ಎಣಿಸಿ, ಹನ್ನೊಂದಿದೆ."

ಅಧಿಕಾರಿ ಕುರ್ಚಿಯಿಂದ ಎದ್ದು ನಿಂತು, ಬೆರಳು ಮಾಡಿ, ನಿಜವಾಗಿಯೂ ಎಣಿಸಿದರು. ಭಾವ ಅಂಗಳದ ಕಲ್ಲಿನ ಮೇಲೆ ಕುಸಿದು ಕೂತರು. ಒಂಬತ್ತು ವರ್ಷ ಗಂಡಹೆಂಡತಿ ಉಸಿರು ಬಿಗಿಹಿಡಿದು ಕಾಪಾಡಿಕೊಂಡು ಬಂದ ಗುಟ್ಟು ಊರಿನ ಪ್ರತಿಯೊಂದು ದೋಣಿಗೂ ಗೊತ್ತಿತ್ತು.

ಅಧಿಕಾರಿ ಸಣ್ಣ ದೋಣಿ ಇಳಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಕಾಲೆಲ್ಲ ಕೆಸರು ಮಾಡಿಕೊಂಡು ನೇರ ಅಂಗಳಕ್ಕೇ ಬಂದರು. ಗಂಟಲಣ್ಣನೂ ಹಿಂದೆ ಬಂದ. ಮೂವತ್ತೈದರ ಆಸುಪಾಸಿನ ಹೆಂಗಸು, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಮೈನಸ್ ಆರೂವರೆ ಎಂದು ನನ್ನ ಮನಸ್ಸು ತನ್ನ ಪಾಡಿಗೆ ತಾನು ಹೇಳಿತು. ನಾನು ಮುಂದೆ ನಿಂತು, ತಪ್ಪು ನನ್ನದು, ಆ ಮೂರು ಬಟ್ಟೆ ನನ್ನವು, ಅವನ್ನು ಬಿಟ್ಟರೆ ಲೆಕ್ಕ ಎಂಟೇ, ಅದು ಸರಿಯಾಗಿಯೇ ಇದೆ ಎಂದು ಒಪ್ಪಿಸಿದೆ.

"ಎಂಟೆಲ್ಲಿಂದ ಬಂತು?" ಎಂದ ಗಂಟಲಣ್ಣ. "ಗಳ ಹಾಕಿ ನೋಡ್ದೆ, ಏಳೇ ಅಡಿ ಇದೆ. ಎರಡು ತಿಂಗಳಿಂದ ನಾವು ತಳ ಒರೆಸ್ಕೊಂಡೇ ದಾಟ್ತಿದೀವಿ. ಅಕ್ಕನ್ನ ಹೇಗಪ್ಪ ಕೇಳೋದು ಅಂತ ಸುಮ್ನಿದ್ವಿ."

ಅಕ್ಕ ನನ್ನ ಪೈಜಾಮವನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಎರಡು ತಿಂಗಳಿಂದ ನಂಗೆ ಏಳೂ ಎಂಟೂ ಒಂದೇ ಥರ ಕಾಣುತ್ತೆ" ಎಂದಳು. "ಎಲ್ಲಾ ಹೊಗೆ ಹೊಗೆ. ಇವರಿಗೆ ಹೇಳಿದ್ರೆ ಅವತ್ತೇ ಕೆಲಸ ಬಿಟ್ಟು ಬರ್ತಾರೆ ಅಂತ ಹೇಳಲಿಲ್ಲ. ಅದಕ್ಕೇ ಕಣೋ ನಿನ್ನನ್ನ ಪೆಟ್ಟಿಗೆ ತಾ ಅಂದಿದ್ದು."

ಇಪ್ಪತ್ತಾರು ವರ್ಷ ಊರಿನವರ ಕಣ್ಣು ನೋಡಿದವನು ನಾನು. ಹಿಂದಿನ ದಿನ ಅವಳು ನನ್ನ ಮುಖವನ್ನು ಅಷ್ಟು ಹತ್ತಿರ ಹಿಡಿದು ನೋಡಿದ್ದಳು, ಉಪ್ಪಿನ ಚಹಾ ಕೊಟ್ಟಿದ್ದಳು, ನನಗೆ ಕಂಡದ್ದು ನನ್ನ ಕೋಪವೊಂದೇ. ಈಗ ಬಿಸಿಲಿನಲ್ಲಿ ಅವಳ ಗಲ್ಲ ಎತ್ತಿ ನೋಡಿದೆ. ಎರಡೂ ಕಣ್ಣಿನಲ್ಲಿ ಪೊರೆ, ಬಲಗಣ್ಣಿನದು ಚೆನ್ನಾಗಿ ಬಲಿತಿತ್ತು. ನನ್ನ ಪೆಟ್ಟಿಗೆಯ ಯಾವ ಗಾಜಿಗೂ ಬಗ್ಗುವುದಲ್ಲ, ಆಪರೇಷನ್ನೇ ಆಗಬೇಕು. ಇನ್ನೊಂದು ಲೆಕ್ಕವೂ ಆಗಲೇ ನನಗೆ ಬಗೆಹರಿದದ್ದು. ನನ್ನ ಮಗಳ ಮದುವೆಯ ದಿನ ಅಕ್ಕ ಈ ಸ್ಟೂಲು ಬಿಟ್ಟು ಎದ್ದಿದ್ದರೆ ಇಲ್ಲಿ ಒಂದು ಬಾರ್ಜೂ ಒಳಗೆ ಬರುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು.

ಭಾವ ಎದ್ದು ನಿಂತು ಅಧಿಕಾರಿಗೆ ಕೈಮುಗಿದರು. ನನಗೆ ಕಂಬ ಕಾಣದೆ ಒಂಬತ್ತು ವರ್ಷವಾಯಿತು, ಕನ್ನಡಕ ಹಾಕಿದರೆ ಕೆಲಸದಿಂದ ತೆಗೆಯುತ್ತಾರೆಂದು ಹೆದರಿ ಮುಚ್ಚಿಟ್ಟೆ, ಹೆಂಡತಿಯದೇನೂ ತಪ್ಪಿಲ್ಲ, ಮನೆ ಖಾಲಿ ಮಾಡಿಕೊಡುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು.

"ಕನ್ನಡಕ ಹಾಕಿದ್ರೆ ತೆಗೀತಾರೆ ಅಂತ ಹೇಳಿದ್ಯಾರು?" ಎಂದರು ಅಧಿಕಾರಿ.

ಹೇಳಿದ್ದು ಭಾವನಿಗಿಂತ ಮುಂಚೆ ಆ ಗೂಡಿನಲ್ಲಿದ್ದವರು. ಅವರಿಗೆ ಹೇಳಿದ್ದು ಅವರಿಗಿಂತ ಮುಂಚಿನವರು. ಅಧಿಕಾರಿ ಫೈಲು ತೆರೆದು ಮೂರು ಹಾಳೆ ಮಗುಚಿದರು. ಕಂಬವನ್ನು ಸರಿಯಾಗಿ ಓದಬಲ್ಲವನಾಗಿರಬೇಕು ಎಂಬ ಒಂದು ಸಾಲಿತ್ತು. ಕನ್ನಡಕದ ಸುದ್ದಿಯೇ ಇರಲಿಲ್ಲ. ಅವರು ತಮ್ಮ ಕನ್ನಡಕ ತೆಗೆದು, ಕೆಸರು ಒರೆಸುತ್ತ, ಭಾವನೆಂದುಕೊಂಡು ಗಂಟಲಣ್ಣನ ಕಡೆ ತಿರುಗಿ, "ನೀವು ಈಗ್ಲೇ ಓದಿ ತೋರಿಸಿ. ಕೆಲಸದ ಮಾತು ಆಮೇಲೆ" ಎಂದರು. ಗಂಟಲಣ್ಣ ಭಾವನ ಕಡೆ ಕೈತೋರಿಸಿದ. ಅಧಿಕಾರಿ ಕನ್ನಡಕ ಹಾಕಿಕೊಂಡು ಈ ಸಲ ಭಾವನಿಗೆ ಹೇಳಿದರು.

ಪರೀಕ್ಷೆಯೇನೋ ಸುಲಭವಾಗಿತ್ತು. ಬಾರ್ಜು ತೇಲಲು ಒಂಬತ್ತೂವರೆ ಅಡಿ ಬೇಕು. ನೀರು ಏರುತ್ತಲೇ ಇದೆ. ಭಾವ ಗೂಡಿನಲ್ಲಿ ನಿಂತು ಅಂಕಿ ಓದುತ್ತ ಹೋಗಬೇಕು, ಒಂಬತ್ತೂವರೆ ಎಂದಾಗ ಬಾರ್ಜು ಏಳಬೇಕು. ನಾನು ಪೆಟ್ಟಿಗೆ ಹಿಡಿದುಕೊಂಡು ಅವರ ಹಿಂದೆ ಓಡಿದೆ. ಗಾಜು ಸಿಕ್ಕಿಸುವ ಪರೀಕ್ಷೆಯ ಕಬ್ಬಿಣದ ಫ್ರೇಮನ್ನು ಅವರ ಮೂಗಿನ ಮೇಲೆ ಏರಿಸಿ, ಒಂದೊಂದೇ ಗಾಜು ಇಳಿಬಿಟ್ಟೆ. ಎರಡು ದುಂಡು ಚೌಕಟ್ಟು, ಮೇಲೆ ಕೆಳಗೆ ತಿರುಪು. ಬೇರೆ ದಿನವಾಗಿದ್ದರೆ ಧಕ್ಕೆಯವರು ಬಿದ್ದು ಬಿದ್ದು ನಗುತ್ತಿದ್ದರು. ಮೈನಸ್ ನಾಲ್ಕೂಕಾಲು ಹಾಕಿದಾಗ ಭಾವ ಕಂಬದ ಕಡೆ ಕತ್ತು ಚಾಚಿದರು.

"ಏಳೂಮುಕ್ಕಾಲು" ಎಂದರು. ಬಾರ್ಜಿಗೆ ಮರಳಿದ್ದ ಗಂಟಲಣ್ಣ ಅತ್ತ ಗಳ ಇಳಿಸಿ, ಸರಿ ಎಂದು ಕೂಗಿದ.

ಆಮೇಲೆ ಅವರು ಕಂಬ ಬಿಟ್ಟು ಮನೆಯ ಕಡೆ ತಿರುಗಿದರು. ಅಕ್ಕ ಅಭ್ಯಾಸಬಲದಿಂದ ಮತ್ತೆ ಕಿಟಕಿಗೆ ಹೋಗಿ ಕೂತಿದ್ದಳು. ಸ್ಟೂಲಿನ ಮೇಲೆ ಮೊಣಕಾಲೂರಿ, ಒಂದು ಕೈಯಲ್ಲಿ ಕಿಟಕಿಯ ಚೌಕಟ್ಟು ಹಿಡಿದು, ಇನ್ನೊಂದನ್ನು ಹಣೆಗೆ ಅಡ್ಡ ಹಿಡಿದು, ಅರ್ಧ ಮೈ ಹೊರಗೆ ಚಾಚಿ, ಮುಖ ಕಿವುಚಿಕೊಂಡು ಕಂಬವನ್ನು ನೋಡುತ್ತಿದ್ದಳು. ಒಂಬತ್ತು ವರ್ಷ ಭಾವನಿಗೆ ಆ ಗೂಡಿನಿಂದ ಕಂಡದ್ದು ತಂತಿಯ ಮೇಲಿನ ಮಸುಕುಗಳು ಮಾತ್ರ.

"ದಿನಾ ಹೀಗೇ ನೋಡ್ತಿದ್ಳಾ?" ಎಂದು ನನ್ನನ್ನು ಕೇಳಿದರು. ಅವರ ಕಣ್ಣಿನ ನೀರು ಗಾಜಿಗೆ ಹತ್ತಿ ನಾನು ಎರಡು ಸಲ ಒರೆಸಬೇಕಾಯಿತು.

ಎರಡು ಗಂಟೆ ಕಳೆದ ಮೇಲೆ ಅವರು ಒಂಬತ್ತೂವರೆ ಎಂದರು. ಬಾರ್ಜು ಕದಲಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆಗ ಗಂಟಲಣ್ಣನಿಗೆ, ಬಾರ್ಜು ಕೂತ ಗಾಬರಿಯಲ್ಲಿ ತಾನೇ ಲಂಗರು ಇಳಿಸಿದ್ದು ನೆನಪಾಯಿತು. ಅದನ್ನು ಎತ್ತಿದ ಕೂಡಲೇ ಬಾರ್ಜು ನಿದ್ದೆಯಿಂದ ಎದ್ದಂತೆ ಮೈ ಮುರಿದು ಹೊರಟಿತು. ಅಧಿಕಾರಿ ಫೈಲಿನಲ್ಲಿ ಏನೋ ಬರೆದು, ತಿಂಗಳೊಳಗೆ ಸರಿಯಾದ ಕನ್ನಡಕ ಮಾಡಿಸಿಕೊಳ್ಳಬೇಕು, ಇನ್ನು ಮುಂದೆ ಆ ಅಂಗಳದಲ್ಲಿ ಒದ್ದೆ ಬಟ್ಟೆಯನ್ನು ಮಾತ್ರ ಒಣಹಾಕಬೇಕು ಎಂದು ಹೇಳಿ ಕಾಲು ತೊಳೆಯಲು ಹೋದರು.

ಮೂರನೆಯ ದಿನ ನಾನು ಆಪರೇಷನ್ನಿಗೆಂದು ಅಕ್ಕನನ್ನು ಕರೆದುಕೊಂಡು ಹೊರಟೆ. ಕಬ್ಬಿಣದ ಫ್ರೇಮು ಭಾವನ ಮೂಗಿನ ಮೇಲೆಯೇ ಉಳಿಯಿತು. ಅದಿಲ್ಲದೆ ಅಂಗಡಿ ಹೇಗೆ ನಡೆಸುವುದೋ ನನಗೆ ಗೊತ್ತಿರಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಮಂಜುಗಡ್ಡೆ ಹೇರಿದ ಗಂಟಲಣ್ಣನ ಬಾರ್ಜಿನಲ್ಲಿ ನಮಗೆ ಜಾಗ ಸಿಕ್ಕಿತು. ಅಕ್ಕ ಚೀಲ ತಬ್ಬಿಕೊಂಡು ಕೂತಳು. ಒಂಬತ್ತು ವರ್ಷದ ಮೇಲೆ ಮೊದಲ ಸಲ ಅವಳು ನೀರಿನ ಈ ಕಡೆಯಿಂದ ತನ್ನ ಮನೆ ನೋಡುತ್ತಿದ್ದಳು, ಅದೂ ಸರಿಯಾಗಿ ಕಾಣುತ್ತಿರಲಿಲ್ಲ.

ದಿಬ್ಬದ ಹತ್ತಿರ ಬಂದು ಗಂಟಲಣ್ಣ ಎಂಜಿನು ನಿಲ್ಲಿಸಿದ. ತಂತಿ ಖಾಲಿಯಿದೆ, ನಾನು ದಾಟುವುದಿಲ್ಲ ಎಂದ. ಹಲಗೆಯ ಮೇಲೆ ಬರೆದಿದೆಯಲ್ಲಪ್ಪ ಎಂದರೆ, ಇಷ್ಟು ವರ್ಷ ನೋಡದಿದ್ದದ್ದನ್ನು ಇವತ್ತು ಹೇಗೆ ನಂಬಲಿ ಎಂದ. ಅವನ ಗಂಟಲು ದಡಕ್ಕೆ ಕೇಳದೆ ಇರುತ್ತದೆಯೇ? ಗೂಡಿನಿಂದ ಭಾವ ಇಳಿದು ಓಡಿದರು. ಮನೆಯೊಳಗೆ ನುಗ್ಗಿ, ತೋಳ್ತುಂಬಾ ಬಟ್ಟೆ ಎತ್ತಿಕೊಂಡು ಅಂಗಳಕ್ಕೆ ಬಂದು, ಅಧಿಕಾರಿಯ ಆಜ್ಞೆಯನ್ನು ಗಾಳಿಗೆ ತೂರಿ ಒಂದೊಂದಾಗಿ ತಂತಿಗೆ ಹಾಕತೊಡಗಿದರು. ಬೆಡ್‌ಶೀಟು ಸೊಟ್ಟಗೆ, ಷರ್ಟು ತಲೆಕೆಳಗೆ. ಕೊನೆಯಲ್ಲಿ ನಾನು ಮರೆತುಬಂದ ಪಟ್ಟೆ ಪೈಜಾಮ.

"ಎಷ್ಟು ಹಾಕಿದಾರೆ, ನೋಡೋ" ಎಂದಳು ಅಕ್ಕ.

"ಹತ್ತು."

"ಹಲಗೇಲಿ?"

"ಹತ್ತೇ ಇದೆ."

ಅವಳು ಮೆಲ್ಲಗೆ, "ಕಂಬದಲ್ಲಿ?" ಎಂದು ಕೇಳಿದಳು.

ನಾನು ಕಾಂಡ್ಲಾ ಗಿಡಗಳ ಕಡೆ ತಿರುಗಿ, ನನ್ನ ಕನ್ನಡಕವನ್ನು ಒರೆಸಿ, ಎರಡು ಸಲ ನೋಡಿ ಹೇಳಿದೆ. "ಹತ್ತು ಕಣೇ ಅಕ್ಕ."

ಅವಳು ಚೀಲವನ್ನು ತೊಡೆಯಿಂದ ಕೆಳಗಿಟ್ಟು, ಕಾಲು ಚಾಚಿ ಕೂತು, ಗಂಟಲಣ್ಣನಿಗೆ ಹೊರಡಲು ಹೇಳಿದಳು.